ಸಿಗ್ನಲ್ ಮೂಲೆಯ ಕಲ್ಲುಕಟ್ಟೆ

ನೆದರ್ಲೆಂಡ್ಸ್ ಅಂದ ತಕ್ಷಣ ಸೈಕಲ್ ನೆನಪಾಗುತ್ತೆ, ಅಲ್ವಾ? ಆ ದೇಶದವರು ಮೊದಲಿಂದಲೂ ಹಾಗೇ ಅಂತ ನಾನೂ ಅಂದುಕೊಂಡಿದ್ದೆ. ಪೂರ್ತಿ ನಿಜ ಅಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲೂ ಜನರ ಕೈಗೆ ಕಾಸು ಬಂತು, ಕಾಸಿನ ಹಿಂದೆ ಕಾರು ಬಂತು. ರಸ್ತೆ ಅಗಲವಾಯ್ತು, ಊರ ನಡುವಿನ ಚೌಕಗಳು ಪಾರ್ಕಿಂಗ್ ಜಾಗ ಆದವು. 1971ರಲ್ಲಿ ಅಲ್ಲಿ ರಸ್ತೆ ಅಪಘಾತಕ್ಕೆ ಸಿಕ್ಕಿ ಸತ್ತವರು 3,000ಕ್ಕೂ ಹೆಚ್ಚು. ಅದರಲ್ಲಿ 400ಕ್ಕೂ ಹೆಚ್ಚು ಮಕ್ಕಳು.

ಆ ಮಕ್ಕಳಲ್ಲಿ ಒಬ್ಬಳು ಪತ್ರಕರ್ತ ವಿಕ್ ಲಾಂಗೆನ್‌ಹಾಫ್ ಅವರ ಮಗಳು. 1972ರಲ್ಲಿ ಅವರು ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಅದರ ತಲೆಬರಹವೇ ಮುಂದೆ ಚಳವಳಿಯ ಹೆಸರಾಯ್ತು: ‘ಸ್ಟಾಪ್ ಡೆ ಕಿಂಡರ್‌ಮೋರ್ಟ್’, ಅಂದ್ರೆ ಮಕ್ಕಳ ಕೊಲೆ ನಿಲ್ಲಿಸಿ. ಅಪಘಾತ ಅನ್ನಲಿಲ್ಲ ನೋಡಿ, ಕೊಲೆ ಅಂದರು. ಅಪ್ಪ ಅಮ್ಮಂದಿರು ಮಕ್ಕಳನ್ನ ಕರ್ಕೊಂಡು ರಸ್ತೆಗೇ ಇಳಿದರು. 1973ರ ತೈಲ ಬಿಕ್ಕಟ್ಟಲ್ಲಿ ಸರ್ಕಾರವೇ ಭಾನುವಾರ ಕಾರು ನಿಲ್ಲಿಸಿತು. ಖಾಲಿ ಹೆದ್ದಾರಿ ಮೇಲೆ ಜನ ಸೈಕಲ್ ಹೊಡೆದರು. ಆಮೇಲೆ ಹೇಗ್, ಟಿಲ್ಬರ್ಗ್ ನಗರಗಳಲ್ಲಿ ಸರ್ಕಾರದ ದುಡ್ಡಲ್ಲೇ ಪ್ರಾಯೋಗಿಕ ಸೈಕಲ್ ಪಥ ಬಂತು. ಹೇಗ್‌ನಲ್ಲಿ ಅಂಗಡಿಯವರು ಜಗಳಕ್ಕೇ ನಿಂತರು. ವ್ಯಾಪಾರದ ಭಯ ಎಲ್ಲ ಊರಲ್ಲೂ ಒಂದೇ!

ಉದ್ದಕ್ಕೆ ಪಥ ಹಾಕೋದೇನೋ ಆಗುತ್ತೆ. ಕಷ್ಟ ಇರೋದು ಸಿಗ್ನಲ್ ಹತ್ರ. ಸೈಕಲ್ ನೇರ ಹೋಗ್ಬೇಕು, ಪಕ್ಕದ ಲಾರಿ ತಿರುಗ್ಬೇಕು. ಲಾರಿಯವನಿಗೆ ಪಕ್ಕದಲ್ಲಿ ಸೈಕಲ್ ಇರೋದು ಕಾಣೋದೇ ಇಲ್ಲ. ಡಚ್ಚರು ಕಾಲಕ್ರಮೇಣ ಇದಕ್ಕೆ ಕಂಡುಕೊಂಡ ಉತ್ತರ ನೋಡೋಕೆ ತೀರಾ ಸಾಧಾರಣ: ರಸ್ತೆಯ ಮೂಲೆಯಲ್ಲಿ ಬಾಳೆಹಣ್ಣಿನ ಹಾಗೆ ಬಾಗಿದ ಒಂದು ಕಟ್ಟೆ. ಕಾರು ಅದನ್ನ ಸುತ್ತಿಕೊಂಡೇ ತಿರುಗ್ಬೇಕು, ಹಾಗಾಗಿ ವೇಗ ತಾನಾಗೇ ಇಳಿಯುತ್ತೆ. ಸೈಕಲ್ ರಸ್ತೆ ದಾಟೋ ಜಾಗ ಕೂಡುರಸ್ತೆಯಿಂದ ಸುಮಾರು ಒಂದು ಕಾರಿನಷ್ಟು ಒಳಗಿರುತ್ತೆ. ಅಲ್ಲಿಗೆ ಬರೋ ಹೊತ್ತಿಗೆ ಕಾರು ಅರ್ಧಕ್ಕಿಂತ ಹೆಚ್ಚು ತಿರುಗಿರುತ್ತೆ, ಸೈಕಲ್ಲು ಕನ್ನಡಿಯಲ್ಲಲ್ಲ, ಎದುರು ಗಾಜಿನಲ್ಲೇ ಕಾಣುತ್ತೆ. ಬಿಟ್ಟುಕೊಡೋಕೆ ನಿಂತ ಕಾರಿಗೂ ಜಾಗ ಇದೆ, ಹಿಂದಿನವರು ಹಾರನ್ ಹೊಡೆಯೋ ಹಾಗಿಲ್ಲ. ಕೆಂಪು ದೀಪ ಇದ್ದಾಗ ಸೈಕಲ್ಲಿನವರು ಕಟ್ಟೆಯ ಮರೆಯಲ್ಲಿ, ಕಾರುಗಳಿಗಿಂತ ಮುಂದೆ ನಿಲ್ತಾರೆ.

ನನಗೆ ತುಂಬಾ ಹಿಡಿಸಿದ್ದು ಏನಂದ್ರೆ, ಚಾಲಕ ಒಳ್ಳೆಯವನಾ ಕೆಟ್ಟವನಾ ಅಂತ ಈ ಕಟ್ಟೆ ಕೇಳಲ್ಲ. ನಾವು ಪೋಸ್ಟರ್ ಹಚ್ಚಿ, ಸಪ್ತಾಹ ಮಾಡಿ ಬುದ್ಧಿ ಹೇಳ್ತೀವಿ.

ಅಲ್ಲೂ ಸಾವು ನಿಂತಿಲ್ಲ. ಸೈಕಲ್ಲಿನಲ್ಲಿ ಸಾಯೋರು ಈಗಲೂ ಇದ್ದಾರೆ, ಬಹುಪಾಲು ವಯಸ್ಸಾದವರು. ಆದ್ರೆ ವರ್ಷದ ಒಟ್ಟು ಲೆಕ್ಕ 3,000 ದಾಟಿದ್ದು ಈಗ 700ರ ಆಸುಪಾಸಿಗೆ ಬಂದಿದೆ. ಕಟ್ಟೆಯೊಂದರಿಂದಲೇ ಅಂತ ಹೇಳೋಕಾಗಲ್ಲ. ಸೀಟ್ ಬೆಲ್ಟು, ವೇಗಮಿತಿ ಎಲ್ಲಾ ಸೇರಿ ಆಗಿದ್ದು.

ಅವರು ರಸ್ತೆಯ ಬಲಕ್ಕೆ ಓಡಿಸೋರು, ನಾವು ಎಡಕ್ಕೆ. ಅವರ ಕಟ್ಟೆ ಕೂರೋ ಜಾಗಕ್ಕೆ ಸರಿಯಾಗಿ ನಮ್ಮಲ್ಲಿ ಎಷ್ಟೋ ಕಡೆ ಮೂಲೆಯನ್ನೇ ಕೆತ್ತಿ, ಬ್ರೇಕ್ ಒತ್ತದೆ ನುಗ್ಗೋ ಹಾಗೆ ಒಂದು ದಾರಿ ಬಿಟ್ಟಿದ್ದೀವಿ. ಹೆಸರು ‘ಫ್ರೀ ಲೆಫ್ಟ್’.