ಪರವೂರಿನ ಯೆಹೂದಿ ಬೀದಿಯಲ್ಲಿ



ಯೆಹೂದಿಗಳು ಎಂದರೆ ನಮಗೆ ಥಟ್ಟನೆ ನೆನಪಾಗುವುದು ಪತ್ರಿಕೆಯಲ್ಲಿ ಬರುವ ಇಸ್ರೇಲಿನ ಸುದ್ದಿ. ಆದರೆ ಅದೇ ಮತದ ಜನ ನಮ್ಮ ಕೇರಳದಲ್ಲಿ ಸಾವಿರ ವರ್ಷ ಬಾಳಿದವರು, ಮನೆಯಲ್ಲಿ ಮಲಯಾಳ ಮಾತಾಡಿದವರು. ಅವರ ಚರಿತ್ರೆ ತಿಳಿಯಬೇಕಾದರೆ ಹಡಗು ಹತ್ತಬೇಕಾಗಿಲ್ಲ. ಕಾಸರಗೋಡಿನಲ್ಲಿ ರೈಲು ಹತ್ತಿ, ಆಲುವಾದಲ್ಲಿ ಇಳಿದು ಬಸ್ಸು ಹಿಡಿದರೆ ಉತ್ತರ ಪರವೂರು. ಅಲ್ಲಿ ಯೆಹೂದಿ ಬೀದಿ ಎಂಬ ಬೀದಿಯಿದೆ. ಅದರಲ್ಲಿರುವ ಹಳೆಯ ಪ್ರಾರ್ಥನಾ ಮಂದಿರವನ್ನು ಊರವರು ಜೂತಪ್ಪಳ್ಳಿ ಎನ್ನುತ್ತಾರೆ. ಕೇರಳ ಸರಕಾರವು ಮುಝಿರಿಸ್ ಯೋಜನೆಯಲ್ಲಿ ಅದನ್ನು ದುರಸ್ತಿ ಮಾಡಿಸಿ ಮ್ಯೂಸಿಯಂ ಮಾಡಿದೆ. ನಿವೃತ್ತನಾದ ಮೇಲೆ ನಾನು ಅದನ್ನು ನೋಡಿ ಬಂದೆ.

ಮೊದಲು ಸ್ವಲ್ಪ ಚರಿತ್ರೆ. ಕ್ರಿ.ಶ. 1000ದ ಸುಮಾರಿಗೆ ಚೇರ ಅರಸ ಭಾಸ್ಕರ ರವಿವರ್ಮನು ಜೋಸೆಫ್ ರಬ್ಬಾನ್ ಎಂಬ ಯೆಹೂದಿ ಮುಖಂಡನಿಗೆ ತಾಮ್ರಶಾಸನ ಬರೆಸಿಕೊಟ್ಟ. ಅದು ಇಂದಿಗೂ ಕೊಚ್ಚಿಯ ಮಟ್ಟಾಂಚೇರಿಯಲ್ಲಿ, 1568ರಲ್ಲಿ ಕಟ್ಟಿದ ಪರದೇಶಿ ಮಂದಿರದಲ್ಲಿದೆ. ಅದರಲ್ಲಿ 72 ಹಕ್ಕುಗಳ ಮಾತಿದೆ. ಹಗಲು ದೀಪ, ನಡೆಮಡಿ, ಪಲ್ಲಕ್ಕಿ, ಕೊಡೆ, ಕಹಳೆ, ದೋಣಿ ಗಾಡಿಗಳ ಸುಂಕ, ಹೀಗೆ ದೊಡ್ಡವರಿಗೆ ಸಲ್ಲುವ ಮರ್ಯಾದೆಗಳು. ಬ್ಯಾಂಕಿನಲ್ಲಿ ಕುಳಿತು ದಸ್ತಾವೇಜು ನೋಡಿಯೇ ಮುದುಕನಾದ ನನಗೆ ಅದರ ವಿವರ ಓದಿದಾಗ ಸಂತೋಷವಾಯಿತು. ಕೊಟ್ಟವರಾರು, ಪಡೆದವರಾರು, ಏನೇನು ಕೊಟ್ಟರು, ಕೊನೆಗೆ ಸಾಕ್ಷಿಗಳ ಹೆಸರು. ಎಲ್ಲವೂ ಕ್ರಮದಲ್ಲಿದೆ. ಹಕ್ಕು ಮಕ್ಕಳಿಗೆ ಮಾತ್ರವಲ್ಲ, ಸೋದರಳಿಯಂದಿರಿಗೂ ಸಲ್ಲಬೇಕೆಂದಿದೆ. ಅಳಿಯಕಟ್ಟು ಬಲ್ಲ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪರವೂರಿನ ಮಂದಿರ 1616ರದು. ಹೊರಬಾಗಿಲ ಮನೆ ದಾಟಿ, ಕಂಬಗಳ ನಡುವಿನ ಉದ್ದದ ಹಾದಿಯಲ್ಲಿ ನಡೆದು ಒಳಗೆ ಹೋಗಬೇಕು. ಮರದ ಕೆಲಸ, ಹೆಂಚಿನ ಮಾಡು, ದಪ್ಪ ಗೋಡೆ. ನೋಡಿದರೆ ನಮ್ಮ ಗುತ್ತಿನ ಮನೆಯ ನೆನಪಾಗುತ್ತದೆ. ಪವಿತ್ರ ಗ್ರಂಥದ ಸುರುಳಿಗಳನ್ನು ಇಡುವ ಕೆತ್ತನೆಯ ಕಪಾಟು ಜೆರುಸಲೇಮಿನ ದಿಕ್ಕಿಗೆ, ಎಂದರೆ ಪಶ್ಚಿಮದ ಗೋಡೆಯಲ್ಲಿದೆ. ಗ್ರಂಥ ಓದಲು ನಡುವೆ ಒಂದು ಪೀಠ, ಮಹಡಿಯಲ್ಲಿ ಇನ್ನೊಂದು. ಮಹಡಿಯ ಈ ಎರಡನೆಯ ಪೀಠ ಕೇರಳದ ಯೆಹೂದಿಗಳದೇ ವಿಶೇಷ. ಅದರ ಹಿಂದೆ ಹೆಂಗಸರು ಕೂರುವ ಜಾಗ. ಆದರೆ ಒಂದು ಮಾತು ನೆನಪಿಡಿ: ಇಲ್ಲಿ ಕಾಣುವ ಕಪಾಟು ನಕಲು. ಮೂಲದ್ದು ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಮ್ಮಿನಲ್ಲಿದೆ.

ಸಮೀಪದ ಚೇಂದಮಂಗಲದಲ್ಲೂ ಇಂಥದೇ ಮಂದಿರ, ಇಂಥದೇ ಮ್ಯೂಸಿಯಂ. ಅದರ ಅಂಗಳದಲ್ಲಿ ಸಾರಾ ಎಂಬ ಹೆಣ್ಣುಮಗಳ ಸಮಾಧಿಯ ಕಲ್ಲು ಇದೆ. ಅದರ ಕಾಲ 1269. ಭಾರತದಲ್ಲಿ ಸಿಕ್ಕಿದ ಹೀಬ್ರೂ ಬರಹಗಳಲ್ಲಿ ಇದೇ ಅತಿ ಹಳೆಯದೆನ್ನುತ್ತಾರೆ.

ನಮ್ಮ ತುಳುನಾಡಿಗೂ ಈ ಕಥೆಯಲ್ಲಿ ಪಾಲುಂಟು. ಟ್ಯುನೀಶಿಯಾದಲ್ಲಿ ಹುಟ್ಟಿದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿ 1132ರ ಹೊತ್ತಿಗೆ ಮಂಗಳೂರಿಗೆ ಬಂದು, ಹದಿನೇಳು ವರ್ಷದಷ್ಟು ಕಾಲ ಈ ಕರಾವಳಿಯಲ್ಲಿದ್ದ. ಕಂಚಿನ ಕಾರ್ಖಾನೆ ನಡೆಸಿದ, ಅಡಿಕೆ ಮೆಣಸು ಏಡನ್ನಿಗೆ ಕಳಿಸಿದ. ಅಶು ಎಂಬ ದಾಸಿಯನ್ನು ಪತ್ರ ಬರೆದು ಬಿಡುಗಡೆ ಮಾಡಿದ. ಬೊಮ್ಮ ಎಂಬುವನು ಅವನ ವ್ಯವಹಾರಕ್ಕೆ ಏಡನ್‌ವರೆಗೂ ಹೋಗಿ ಬರುತ್ತಿದ್ದ. ಇದೆಲ್ಲ ತಿಳಿದದ್ದು ಹೇಗೆ? ದೇವರ ಹೆಸರಿರುವ ಕಾಗದವನ್ನು ಹರಿದು ಬಿಸಾಡಬಾರದೆಂಬುದು ಆ ಜನರ ಕಟ್ಟಳೆ. ಅದಕ್ಕಾಗಿ ಕೈರೋದ ಒಂದು ಮಂದಿರದ ಕೋಣೆಯಲ್ಲಿ ಲೆಕ್ಕಪತ್ರಗಳೂ ಸೇರಿ ಎಲ್ಲವನ್ನೂ ಹಾಕುತ್ತ ಬಂದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆ ರಾಶಿಯ ಹೆಚ್ಚಿನ ಪಾಲು ಇಂಗ್ಲೆಂಡಿನ ಕೇಂಬ್ರಿಜ್ ಸೇರಿತು. ನಮ್ಮ ಬೊಮ್ಮನ ಹೆಸರು ಉಳಿದದ್ದು ಹೀಗೆ.

1948ರಲ್ಲಿ ಇಸ್ರೇಲ್ ದೇಶವಾದಾಗ ಕೇರಳದಲ್ಲಿ ಎಂಟು ಮಂದಿರಗಳೂ ಸುಮಾರು ಎರಡೂವರೆ ಸಾವಿರ ಯೆಹೂದಿಗಳೂ ಇದ್ದರು. ಯಾರೂ ಅವರನ್ನು ಓಡಿಸಲಿಲ್ಲ. ಪೂರ್ವಿಕರ ಪುಣ್ಯಭೂಮಿಯ ಆಸೆಯಿಂದ, 1950ರ ದಶಕದ ನಡುಭಾಗದಲ್ಲಿ ಬಹುಮಂದಿ ಮನೆಮಾರು ಬಿಟ್ಟು ಹೊರಟರು. ನೆಗೆವ್ ಮರುಭೂಮಿಯ ನೆವಾತಿಂ ಮುಂತಾದ ಹಳ್ಳಿಗಳಲ್ಲಿ ಬೇಸಾಯಕ್ಕಿಳಿದರು. ಹೊಳೆ, ತೆಂಗು, ಮಳೆ ಕಂಡವರಿಗೆ ಆ ಮರಳು ಹೇಗಿತ್ತೋ, ನೀವೇ ಯೋಚಿಸಿ.

ಅವರ ಹೆಂಗಸರು ಜೊತೆಗೆ ಒಯ್ದದ್ದರಲ್ಲಿ ಬೆಲೆಬಾಳುವ ಒಂದು ವಸ್ತು ಇತ್ತು: ಹಾಡಿನ ನೋಟುಬುಕ್ಕು. ಮದುವೆ ಹಬ್ಬಗಳಲ್ಲಿ ಹಾಡುವ ಮಲಯಾಳ ಹಾಡುಗಳನ್ನು ತಾಯಿ ಮಗಳು ಮೊಮ್ಮಗಳು ಕೈಯಲ್ಲಿ ನಕಲು ಮಾಡಿಕೊಳ್ಳುತ್ತಿದ್ದರು. ವಿದ್ವಾಂಸರು ಆ ಪುಸ್ತಕಗಳನ್ನು ಕೂಡಿಸಿ, 2005ರಲ್ಲಿ ‘ಕಾರ್‌ಕುಳಲಿ’ ಎಂಬ ಸಂಗ್ರಹ ಅಚ್ಚಾಯಿತು. ಆದರೆ ಇಸ್ರೇಲಿನಲ್ಲಿ ಹುಟ್ಟಿದ ಮಕ್ಕಳ ಮಾತು ಹೀಬ್ರೂ. ಅಜ್ಜಿಯ ಹಾಡು ಕೇಳಿ ಅರ್ಥ ಹಿಡಿಯಬಲ್ಲವರು ತಲೆಮಾರಿಗೆ ತಲೆಮಾರು ಕಡಿಮೆಯಾದರು.

ಗಡಿನಾಡಿನ ಬಂಧುಗಳೇ, ನಾವು ಎಲ್ಲಿಗೂ ಹೋಗಿಲ್ಲ, ಇದ್ದಲ್ಲೇ ಇದ್ದೇವೆ. ಆದರೂ ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಮೊಮ್ಮಕ್ಕಳಿಗೆ ಕನ್ನಡ ಓದಲು ಬರುತ್ತದೆ? ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಅಜ್ಜನ ಕೈಬರಹದ ಲೆಕ್ಕದ ಪುಸ್ತಕ, ಹಳೆಯ ಕಾಗದಗಳು, ಅಜ್ಜಿಯ ಸೋಬಾನೆ ಬರೆದಿಟ್ಟ ಹಾಳೆ ಇದ್ದೀತು. ಮಳೆಗಾಲಕ್ಕೆ ಮುಂಚೆ ಒಮ್ಮೆ ಇಳಿಸಿ, ಗೆದ್ದಲು ಕೊಡವಿ, ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಓದಿಸಿ. ಮ್ಯೂಸಿಯಮ್ಮಿನವರು ಕಾಗದವನ್ನು ಕಾಪಾಡಬಲ್ಲರು. ಓದಲು ಕಲಿಸುವ ಕೆಲಸ ಮನೆಯವರದೇ.