ಅರ್ಧ ಮಾಫಿಯ ಲೆಕ್ಕ

ಉರ್ವದ ಬಾಡಿಗೆ ಮನೆಯ ಕರೆಂಟ್ ಬಿಲ್ ಕಟ್ಟುವುದು ಫೋನಲ್ಲಿ ಎರಡು ನಿಮಿಷದ ಕೆಲಸ. ಒಂದು ತಿಂಗಳು ಮಾತ್ರ ಬಿಲ್ಲಿನ ಹಿಂದಿನ ಲೆಕ್ಕ ಹುಡುಕುತ್ತಾ ಕೂತೆ. ಹೋಗಿ ಮುಟ್ಟಿದ್ದು 1902ಕ್ಕೆ.

ಆ ವರ್ಷ ಜೂನ್ 30ರಂದು ಶಿವನಸಮುದ್ರದ ಕರೆಂಟ್ 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ನೀರು ಕಾವೇರಿಯದ್ದು, ಯೋಜನೆ ದಿವಾನ್ ಶೇಷಾದ್ರಿ ಅಯ್ಯರ್ ಕಾಲದ್ದು, ಗಿರಾಕಿ ಬ್ರಿಟಿಷ್ ಗಣಿ ಕಂಪನಿಗಳು. ಚಿನ್ನ ಹೋದದ್ದು ಲಂಡನ್ನಿಗೆ. ಬೆಂಗಳೂರಿನ ಬೀದಿಗೆ ದೀಪ ಬರಲು 1905 ಆಗಬೇಕಾಯ್ತು. ಹಳ್ಳಿಗಳ ಪಾಳಿ ಬಂದದ್ದು ಎಷ್ಟೋ ದಶಕಗಳ ಮೇಲೆ. ಹಾಗಂತ ಬೈಯಲೂ ಮನಸ್ಸಿಲ್ಲ; ಖಾತ್ರಿ ಗಿರಾಕಿ ಇಲ್ಲದೆ ಆ ಕಾಲದಲ್ಲಿ ಅಷ್ಟು ಉದ್ದ ತಂತಿ ಯಾರು ಎಳೀತಿದ್ರು? ಆದರೆ ರಫ್ತಿನವರಿಗೆ ಮೊದಲ ಮಣೆ ಹಾಕುವ ಅಭ್ಯಾಸ ಅಲ್ಲಿಂದಲೇ ಉಂಟು.

ನೂರು ವರ್ಷದ ನಂತರ, 2003ರ ವಿದ್ಯುತ್ ಕಾಯ್ದೆ ಗಾಳಿ, ಬಿಸಿಲಿನ ಕರೆಂಟನ್ನು ಇಂತಿಷ್ಟು ಕೊಳ್ಳಲೇಬೇಕು ಎಂದು ವಿಧಿಸುವ ಅಧಿಕಾರವನ್ನು ರಾಜ್ಯದ ಆಯೋಗಗಳಿಗೆ ಕೊಟ್ಟಿತು. ನಮ್ಮ ಕೆಇಆರ್‌ಸಿ 2011ರಲ್ಲಿ ಮೆಸ್ಕಾಂಗೆ ಹಾಕಿದ್ದು ಶೇ. 10, ಅದರ ಮೇಲೆ ಸೋಲಾರ್ ಶೇ. 0.25. ಸ್ವಂತ ಪವರ್ ಪ್ಲಾಂಟ್ ಇಟ್ಟುಕೊಂಡ ದೊಡ್ಡ ಕಾರ್ಖಾನೆಗಳಿಗೆ? ಬರೀ ಶೇ. 5. ಅದೂ 5 ಮೆಗಾವಾಟ್‌ಗಿಂತ ಕಡಿಮೆ ಇದ್ದರೆ ಏನೂ ಇಲ್ಲ. ಆಗ ಸೋಲಾರ್ ಅಗ್ಗ ಇರಲಿಲ್ಲ. 2010ರಲ್ಲಿ ಆಯೋಗ ನಿಗದಿ ಮಾಡಿದ ದರವೇ ಯೂನಿಟ್‌ಗೆ 14.50 ರೂಪಾಯಿ. ಮೆಸ್ಕಾಂ ಕೊಂಡ ಕರೆಂಟಿನ ಖರ್ಚು ಕೊನೆಗೆ ಸೇರುವುದು ಗ್ರಾಹಕರ ದರಕ್ಕೆ. ಊರಿಗೆ ಹೋದಾಗ ಅಪ್ಪನಿಗೆ ಇದನ್ನು ವಿವರಿಸಿದೆ. ಅವರು ಕೇಳಿದ್ದು ಇಷ್ಟೇ: "ಅವರು ಬಿಟ್ಟ ಅರ್ಧ ಯಾರು ಕಟ್ಟಿದ್ದು ಮಾರಾಯ?"

ಕಾರ್ಖಾನೆಗಳ ವಾದ ಸುಳ್ಳಲ್ಲ. ಕರೆಂಟೇ ಮುಖ್ಯ ಖರ್ಚಾಗಿರುವ ಉದ್ಯಮ ವಿದೇಶಿ ಮಾರುಕಟ್ಟೆಯಲ್ಲಿ ಬೆಲೆ ಏರಿಸಲು ಆಗುವುದಿಲ್ಲ. ಜರ್ಮನಿ ಇದೇ ಕಾರಣಕ್ಕೆ 2003ರಿಂದ ಇಂಥ ಉದ್ಯಮಗಳಿಗೆ ಗ್ರೀನ್ ಕರೆಂಟಿನ ಸರ್‌ಚಾರ್ಜ್ ಇಳಿಸಿತು. 2014ರಲ್ಲಿ ಅಲ್ಲಿನ ಮನೆಗಳು ಯೂನಿಟ್‌ಗೆ 6.24 ಸೆಂಟ್ ಕಟ್ಟುತ್ತಿದ್ದವು. 2022ರ ಜುಲೈಯಲ್ಲಿ ಆ ಸರ್‌ಚಾರ್ಜನ್ನೇ ಸೊನ್ನೆ ಮಾಡಿದರು. ನಮ್ಮಲ್ಲಿ ಮಾಫಿ ಬಂದದ್ದು ಹೆಚ್ಚಾಗಿ ಕೋರ್ಟಿನ ದಾರಿಯಲ್ಲಿ. 2010ರ ಸೆಂಚುರಿ ರೇಯಾನ್ ಕೇಸಿನಲ್ಲಿ ವಿದ್ಯುತ್ ಮೇಲ್ಮನವಿ ಮಂಡಳಿಯ ತೀರ್ಪು ಹೀಗಿತ್ತು: ಒಂದೇ ಇಂಧನದಿಂದ ಹಬೆಯನ್ನೂ ಕರೆಂಟನ್ನೂ ತೆಗೆಯುವ ಕಾರ್ಖಾನೆ ಬೇರೆ ಗ್ರೀನ್ ಕರೆಂಟ್ ಕೊಳ್ಳಬೇಕಾಗಿಲ್ಲ, ಇಂಧನ ಕಲ್ಲಿದ್ದಲಾದರೂ. 2015ರಲ್ಲಿ ಹಿಂದೂಸ್ತಾನ್ ಜಿಂಕ್, ಸ್ವಂತ ಪ್ಲಾಂಟಿನವರಿಗೆ ಈ ನಿಯಮ ಹಾಕುವ ಹಕ್ಕೇ ಆಯೋಗಕ್ಕಿಲ್ಲ ಎಂದು ಸುಪ್ರೀಂ ಕೋರ್ಟ್‌ನಲ್ಲಿ ವಾದಿಸಿ ಸೋತಿತು.

ಕಾರ್ಖಾನೆಗಳನ್ನೇ ಬೈದು ಎದ್ದುಹೋಗುವಂತಿಲ್ಲ, ನಾವು ಸಾಫ್ಟ್‌ವೇರಿನವರೂ ರಫ್ತಿನವರೇ. 2014ರ ಆಗಸ್ಟ್‌ನಲ್ಲಿ ಕೆಇಆರ್‌ಸಿ ಸೋಲಾರ್ ಪ್ಲಾಂಟ್‌ಗಳಿಂದ ನೇರ ಕೊಳ್ಳುವವರಿಗೆ ತಂತಿ ಬಾಡಿಗೆ, ಕ್ರಾಸ್ ಸಬ್ಸಿಡಿ ಎರಡನ್ನೂ ಹತ್ತು ವರ್ಷ ಮಾಫಿ ಮಾಡಿತು. ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದಾಗ "ನಮ್ಮದು ಗ್ರೀನ್ ಕ್ಯಾಂಪಸ್" ಅಂತ ಬೋರ್ಡ್ ಕೆಳಗೆ ನಾನೂ ಫೋಟೋ ತೆಗೆಸಿಕೊಂಡವನೇ. ತಂತಿ ಬಾಡಿಗೆಯ ವಿಷಯ ಆಗ ತಲೆಗೆ ಬಂದಿರಲಿಲ್ಲ.

2024ರ ಏಪ್ರಿಲ್‌ನಿಂದ ಕೇಂದ್ರದ ಹೊಸ ನಿಯಮ ಬಂದಿದೆ. ಮೊದಲ ವರ್ಷಕ್ಕೆ ಶೇ. 29.91, ಮೆಸ್ಕಾಂನಂಥ ಕಂಪನಿಗೂ ಸ್ವಂತ ಪ್ಲಾಂಟಿನ ಕಾರ್ಖಾನೆಗೂ ಒಂದೇ. ಅಪ್ಪನಿಗೆ ಫೋನಲ್ಲಿ ಹೇಳಿದೆ. "ಕಾಗದದಲ್ಲಿ ತಾನೇ?" ಅಂದರು.