ಪೂರ್ವಸೂರಿಗಳ ಮುಂದೆ ಒಬ್ಬ ಚಿತ್ರಗಾರ

ಕಲೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಪಂಡಿತರು. ಚಿತ್ರ ಯಾರದು, ಯಾವ ವರ್ಷದ್ದು, ಯಾರ ಕೈಯಿಂದ ಯಾರ ಕೈಗೆ ಬಂದಿತು ಎಂಬುದನ್ನೆಲ್ಲ ಅವರು ದಾಖಲೆಗಳನ್ನು ಹಿಡಿದು ನಿರ್ಣಯಿಸುವರು. ಚಿತ್ರಗಾರನಾದರೋ ಈ ಕೆಲಸಕ್ಕೆ ಕೈಹಾಕುವುದು ಅಪರೂಪ. ಹಾಕಿದರೂ, ಬಣ್ಣಕ್ಕೆ ಹಣ ಸಾಲದೆಂದು ಮನೆಯವರಿಗೆ ಬರೆವ ಕಾಗದದ ನಡುವೆ ನಾಲ್ಕು ಪಂಕ್ತಿ ಬರೆದಾನು. ಇಂಥ ಬಿಡಿಮಾತುಗಳಿಗೆ ಚರಿತ್ರೆಯಲ್ಲಿ ಎಷ್ಟು ಬೆಲೆ ಕೊಡಬೇಕು? ಡಚ್ ಚಿತ್ರಗಾರ ವಿನ್ಸೆಂಟ್ ವಾನ್ ಗೋವಿನ ಕಾಗದಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಮಾಡೋಣ. ಆತನ ಕಾಗದಗಳು ಎಂಟುನೂರಕ್ಕೂ ಮೇಲೆ ಉಳಿದಿವೆ. ತಮ್ಮನಾದ ತೆಯೋವಿಗೆ ಬರೆದವುಗಳನ್ನು ತೆಯೋವಿನ ಪತ್ನಿ ಯೋಹನ್ನಾ ಅವರು 1914ರಲ್ಲಿ ಅಚ್ಚುಹಾಕಿಸಿದರು.

1885ರ ಜುಲೈ ತಿಂಗಳಲ್ಲಿ ಆಮ್‌ಸ್ಟರ್‌ಡಾಮಿನ ರೈಕ್ಸ್ ಮ್ಯೂಸಿಯಮ್ಮಿನ ಹೊಸ ಕಟ್ಟಡ ಜನರಿಗೆ ತೆರೆಯಿತು. ಆ ಅಕ್ಟೋಬರಿನಲ್ಲಿಯೇ ವಾನ್ ಗೋ ನ್ಯೂನೆನ್ ಎಂಬ ಹಳ್ಳಿಯಿಂದ ಅಲ್ಲಿಗೆ ಬಂದನು. ಆಗ ಆತನಿಗೆ 32 ವರ್ಷ. ಅದೇ ವಸಂತದಲ್ಲಿ, ರೈತಾಪಿ ಜನರು ದೀಪದ ಕೆಳಗೆ ಆಲೂಗಡ್ಡೆ ತಿನ್ನುತ್ತಿರುವ ಚಿತ್ರವನ್ನು ಬರೆದು ಮುಗಿಸಿದ್ದನು. ಅದರ ಶಿಲಾಮುದ್ರಣವನ್ನು ಕಂಡ ಚಿತ್ರಗಾರ ಮಿತ್ರ ವಾನ್ ರಾಪ್ಪಾರ್ಡ್ ಬಹಳ ಕಟುವಾಗಿ ಖಂಡಿಸಿದ್ದನು. ಇದನ್ನು ಶ್ರೋತೃಗಳು ಮನಸ್ಸಿನಲ್ಲಿಡಬೇಕು. ಪೂರ್ವಸೂರಿಗಳ ಮುಂದೆ ನಿಂತವನು ನಿಶ್ಚಿಂತನಾದ ಪ್ರೇಕ್ಷಕನಲ್ಲ, ನೊಂದವನು.

ರೆಂಬ್ರಾಂಟ್ 1642ರಲ್ಲಿ ಬರೆದ ‘ರಾತ್ರಿಯ ಪಹರೆ’ ಎಂಬ ಮಹಾಚಿತ್ರದ ಎಡಗಡೆಯಲ್ಲಿ ಆತನಿಗೆ ಅದುವರೆಗೆ ತಿಳಿಯದಿದ್ದ ಒಂದು ಚಿತ್ರ ಕಂಡಿತು. ನಗರರಕ್ಷಕ ದಳದ ಅಧಿಕಾರಿಗಳು ಸಾಲಾಗಿ ನಿಂತಿರುವ ಚಿತ್ರ ಅದು. ಇದರ ಕಥೆ ಸ್ವಾರಸ್ಯವಾದುದು. 1633ರಲ್ಲಿ ಈ ಕೆಲಸವನ್ನು ಹಾರ್ಲೆಮ್ ಊರಿನ ಫ್ರಾನ್ಸ್ ಹಾಲ್ಸ್‌ಗೆ ಒಪ್ಪಿಸಿದರು. ಕೆಲಸ ನಡುವೆ ನಿಂತಿತು. ಆಮ್‌ಸ್ಟರ್‌ಡಾಮಿಗೆ ಬಂದು ಮುಗಿಸೆಂದು ಅಧಿಕಾರಿಗಳು, ಅವರೇ ಹಾರ್ಲೆಮಿಗೆ ಬರಲೆಂದು ಹಾಲ್ಸ್! ಹಟ ಯಾರೂ ಬಿಡಲಿಲ್ಲ. ಕಡೆಗೆ 1637ರಲ್ಲಿ ಪೀಟರ್ ಕಾಡ್ಡ ಎಂಬಾತನು ಉಳಿದುದನ್ನು ಬರೆದು ಮುಗಿಸಿದನು. ವಾನ್ ಗೋ ತಮ್ಮನಿಗೆ ಬರೆಯುವಾಗ ಈ ಎರಡು ಹೆಸರುಗಳನ್ನೂ ಹೇಳಿದ್ದಾನೆ. ಆದರೆ ಆತನ ಕಣ್ಣು ಹೋಗಿ ನೆಟ್ಟಿದ್ದು ಎಡ ತುದಿಯ ಧ್ವಜಧಾರಿಯ ಮೇಲೆ. ಅಡಿಯಿಂದ ಮುಡಿಯವರೆಗೆ ಬೂದುಬಣ್ಣ; ಆ ಬೂದಿಯೊಳಗಿಂದ ಕಿತ್ತಳೆ, ಬಿಳಿ, ನೀಲಿಗಳು ಹೊಳೆಯುವ ಬಗೆಯನ್ನು ಆತನು ಪುಟ ತುಂಬ ವರ್ಣಿಸುವನು. ಚಿತ್ರದ ಎಡಭಾಗವೇ ಹಾಲ್ಸನ ಕೈಯದೆಂಬುದು ವಿದ್ವಾಂಸರ ಮತ. ಅವರು ದಾಖಲೆಯಿಂದಲೂ ಪರೀಕ್ಷೆಯಿಂದಲೂ ಕಂಡುಕೊಂಡುದನ್ನು ಈತನ ಕಣ್ಣು ನಿಂತಲ್ಲಿಯೇ ಆರಿಸಿತ್ತು. ಹಾಲ್ಸನಲ್ಲಿ ಇಪ್ಪತ್ತೇಳು ಬಗೆಯ ಕಪ್ಪುಗಳಿವೆಯೆಂಬ ಪ್ರಸಿದ್ಧವಾದ ಮಾತೂ ಅದೇ ತಿಂಗಳಿನದು. ಯಾರು ಎಣಿಸಿ ನೋಡಿದರೋ ನಾವರಿಯೆವು. ಆದರೆ ಆ ಮಾತನ್ನು ಓದಿದ ಮೇಲೆ ಹಾಲ್ಸನ ಕಪ್ಪು ನಿಲುವಂಗಿಗಳನ್ನು ಹಿಂದಿನಂತೆ ನೋಡುವುದು ನಮಗೆ ಸಾಧ್ಯವಾಗಿಲ್ಲ.

ಮುಂದೆ ರೆಂಬ್ರಾಂಟನ ‘ಯೆಹೂದಿ ವಧು’. ಜೊತೆಯಲ್ಲಿ ಬಂದ ಗೆಳೆಯನು ಮ್ಯೂಸಿಯಮ್ಮನ್ನು ಸುತ್ತಿ ಹಿಂದಿರುಗಿದಾಗಲೂ ವಾನ್ ಗೋ ಅದರ ಮುಂದೆಯೇ ಕುಳಿತಿದ್ದನಂತೆ. ಒಣರೊಟ್ಟಿಯ ಚೂರನ್ನು ತಿಂದುಕೊಂಡು ಹದಿನಾಲ್ಕು ದಿನ ಹೀಗೆ ಕುಳಿತಿರಲು ಬಿಟ್ಟರೆ ಆಯುಸ್ಸಿನಲ್ಲಿ ಹತ್ತು ವರ್ಷ ಕೊಟ್ಟೇನೆಂದು ಹೇಳಿದುದನ್ನು ಆ ಗೆಳೆಯನೇ ಮುಂದೆ ಬರೆದಿಟ್ಟನು. ಆ ಬಳಿಕ ವಾನ್ ಗೋ ಬದುಕಿದ್ದು ಐದು ವರ್ಷವೂ ಇಲ್ಲ.

ಇಷ್ಟೆಲ್ಲ ಸರಿ. ಆದರೆ ಹಳೆಯ ಡಚ್ಚರು ಬಹುಮಟ್ಟಿಗೆ ವೇಗವಾಗಿ, ಒಂದೇ ಉಸುರಿನಲ್ಲಿ ಬರೆಯುತ್ತಿದ್ದರು, ಬರೆದುದನ್ನು ಮತ್ತೆ ಮುಟ್ಟುತ್ತಿರಲಿಲ್ಲ ಎಂದು ಆತನು ತೀರ್ಮಾನ ಕೊಟ್ಟಾಗ ನಾವು ಎಚ್ಚರಿಕೆಯಿಂದ ಕೇಳಬೇಕಾಗುವುದು. ಹಾಲ್ಸನ ಬಿರುಸಾದ ಕುಂಚವನ್ನು ನೋಡಿದವರಿಗೆ ಹಾಗೆನ್ನಿಸುವುದು ಸಹಜ. ‘ಯೆಹೂದಿ ವಧು’ವಿನ ವರನ ತೋಳಿನ ಹೊಂಬಣ್ಣವಾದರೋ ಪದರದ ಮೇಲೆ ಪದರವಾಗಿ, ಗಾರೆ ಹಾಕಿದಂತೆ ದಪ್ಪನಾಗಿ ಕೂಡಿಸಿದ್ದು. ಅದು ಒಂದು ಕೂರಿನ ಕೆಲಸವಲ್ಲ. ಹಾಗಿದ್ದರೆ ಈ ಮಾತು ಎಲ್ಲಿಂದ ಬಂದಿತು? ಆಲೂಗಡ್ಡೆಯ ಚಿತ್ರಕ್ಕೆ ನಯವಿಲ್ಲ, ಕೈಗಳು ಸರಿಯಿಲ್ಲವೆಂದು ಬೈಸಿಕೊಂಡವನಿಗೆ, ನಯಮಾಡದೆಯೇ ಕೈಗೆ ಜೀವ ತುಂಬಿದ ಹಿರಿಯರ ಸಾಕ್ಷ್ಯ ಬೇಕಾಗಿತ್ತು. ಚಿತ್ರಗಾರನು ಬರೆಯುವ ಚರಿತ್ರೆಯಲ್ಲಿ ಅರ್ಧಪಾಲು ಆತನ ವಕಾಲತ್ತೇ ಇರುತ್ತದೆಯೆಂದು ನಮಗೆ ತೋರುವುದು. ವಕಾಲತ್ತಾದ ಮಾತ್ರಕ್ಕೆ ಅದನ್ನು ತಳ್ಳಿಹಾಕುವಂತಿಲ್ಲ. ಯಾವ ದಾವೆಗಾಗಿ ಎಂಬುದನ್ನು ತಿಳಿದು ಓದಬೇಕು.

1888ರಲ್ಲಿ ದಕ್ಷಿಣ ಫ್ರಾನ್ಸಿನ ಆರ್ಲ್ ಪಟ್ಟಣದಿಂದ ಎಮಿಲ್ ಬರ್ನಾರ್ ಎಂಬ ಇಪ್ಪತ್ತರ ತರುಣ ಚಿತ್ರಗಾರನಿಗೆ ಬರೆದ ಕಾಗದಗಳಲ್ಲಿ ಈ ಹಿರಿಯರು ಮತ್ತೆ ಬರುತ್ತಾರೆ. ರೆಂಬ್ರಾಂಟನನ್ನು ಹಾಡಿದ ಕವಿ ಬೋದಲೇರನಿಗೆ ಆ ಚಿತ್ರಗಾರನ ವಿಚಾರ ಏನೂ ತಿಳಿಯದೆಂದು ಗದರಿಕೆ! ಅಲ್ಲಿಯೇ ವರ್ಮೀರನ ಪ್ರಸ್ತಾಪ. ಡೆಲ್ಫ್ಟಿನ ಈ ವರ್ಮೀರ್ 1675ರಲ್ಲಿ ತೀರಿಕೊಂಡ ಮೇಲೆ ಬಹುಕಾಲ ಮರೆತುಹೋಗಿದ್ದವನು. 1866ರಲ್ಲಿ ಥೋರೆ ಎಂಬ ಫ್ರೆಂಚ್ ವಿಮರ್ಶಕನು ಆತನ ಮೇಲೆ ಲೇಖನಗಳನ್ನು ಬರೆದ ಬಳಿಕವೇ ಹೆಸರು ಮೇಲೆದ್ದಿತು. ನೀಲಿಯ ಉಡುಪಿನಲ್ಲಿ ಕಾಗದ ಓದುತ್ತ ನಿಂತ ಹೆಂಗಸಿನ ಚಿತ್ರವನ್ನು ನೆನೆದು ವಾನ್ ಗೋ ಬಣ್ಣಗಳ ಪಟ್ಟಿಯನ್ನೇ ಕೊಡುವನು: ನೀಲಿ, ನಿಂಬೆಹಳದಿ, ಮುತ್ತಿನ ಬೂದಿ, ಕಪ್ಪು, ಬಿಳಿ. ಆಕೆ ಬಸುರಿಯೆಂದೂ ಹೇಳುವನು. ಅದು ಆ ಕಾಲದ ಉಡುಪಿನ ಆಕಾರವೇ ಇರಬಹುದೆಂದು ಪಂಡಿತರು ಚರ್ಚಿಸಿದ್ದಾರೆ. ಆ ಚರ್ಚೆ ಹಾಗಿರಲಿ. ನಿಂಬೆಹಳದಿಯನ್ನು ನೀಲಿಯ ಪಕ್ಕದಲ್ಲಿಟ್ಟು ನೋಡುವುದು ಆಗ ವಾನ್ ಗೋವಿಗೆ ದಿನದಿನದ ಕೆಲಸ. ಆ ಕಾಗದ ಜುಲೈ ತಿಂಗಳಿನದು. ಆಗಸ್ಟಿನಲ್ಲಿ ಅದೇ ಆರ್ಲ್‌ನಲ್ಲಿ ಸೂರ್ಯಕಾಂತಿಯ ಚಿತ್ರಗಳು ಆರಂಭವಾದುವು.